ಫಾರ್ಮ್ಯಾಟ್ ಮಾಡದೆ ಲಾಗಿನ್ ಸರಿ ಮಾಡಿದ ಹುಡುಗ: ಮನೆಗೆ ಬರುವ ವಿದ್ಯಾನಗರದ ಕಂಪ್ಯೂಟರ್ ಸರ್ವಿಸ್

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನಮ್ಮದು ಲಗ್ನಪತ್ರಿಕೆ ಪ್ರಿಂಟ್ ಮಾಡುವ ಸಣ್ಣ ಅಂಗಡಿ. ಡಿಸೈನ್ ಫೈಲ್‌ಗಳೆಲ್ಲ ಉಬುಂಟು (ವಿಂಡೋಸ್ ಬದಲು ಹಾಕುವ ಲಿನಕ್ಸ್) ಕಂಪ್ಯೂಟರ್‌ನಲ್ಲಿ, ಪ್ರಿಂಟರ್ ಇರೋದು ವಿಂಡೋಸ್‌ನಲ್ಲಿ. ಹೊಸ ವಿಂಡೋಸ್ ಹಾಕಿಸಿದ ಮೇಲೆ ಅದರಿಂದ ಉಬುಂಟುವಿನ ಶೇರ್ ಫೋಲ್ಡರ್ ತೆರೆದರೆ ಸಾಕು, ಹೆಸರು ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ತಪ್ಪು ಅನ್ನುತ್ತದೆ, ಮತ್ತೆ ಕೇಳುತ್ತದೆ. ಮೊದಲು ಹೋದ ಅಂಗಡಿಯವರು ಎರಡೂ ಫಾರ್ಮ್ಯಾಟ್ ಮಾಡೋಣ ಅಂದರು. ಲಗ್ನದ ಸೀಸನ್‌ನಲ್ಲಿ ಫಾರ್ಮ್ಯಾಟ್ ಅಂತೆ!

ಆಮೇಲೆ ಕರೆಸಿದ ವಿದ್ಯಾನಗರದ ಈ ಹುಡುಗ ಹತ್ತಕ್ಕೆ ಬರ್ತೀನಿ ಅಂದು ಹನ್ನೆರಡೂವರೆಗೆ ಬಂದ, ಅದಕ್ಕೇ ಒಂದು ಸ್ಟಾರ್ ಕಡಿಮೆ. ಆದರೆ ಬಂದ ಕೂಡಲೇ ಕೇಳಿದ್ದು, "ಸರ್ರ, ಸಾಂಬಾಕ್ಕ ಬ್ಯಾರೆ ಪಾಸ್‌ವರ್ಡ್ ಇಟ್ಟೀರೇನ್ರಿ?" ಇಲ್ಲವಲ್ಲ! ಉಬುಂಟುವಿನಲ್ಲಿ ಲಾಗಿನ್ ಆಗುವ ಪಾಸ್‌ವರ್ಡೇ ಬೇರೆ, ಫೈಲ್ ಹಂಚುವ ಸಾಂಬಾ ಇಟ್ಟುಕೊಳ್ಳುವ ಪಾಸ್‌ವರ್ಡೇ ಬೇರೆಯಂತೆ, ನಾನು ಮೊದಲಿನದನ್ನು ಬದಲಾಯಿಸಿ ಎರಡನೆಯದನ್ನು ಹಾಗೇ ಬಿಟ್ಟಿದ್ದೆ. ಟರ್ಮಿನಲ್‌ನಲ್ಲಿ ಒಂದೇ ಸಾಲು ಟೈಪ್ ಮಾಡಿ ಹೊಸದು ಇಟ್ಟ. ಆದರೂ ಆಗಲಿಲ್ಲ, ಯಾಕಂದರೆ ಪಾಸ್‌ವರ್ಡ್ ನೆನಪಿಡುವ ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಹಳೆಯ ತಪ್ಪು ಪಾಸ್‌ವರ್ಡ್ ಕೂತಿತ್ತು, ಅದನ್ನು ಅಳಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಫೋಲ್ಡರ್ ತೆರೆಯಿತು. ವಾಪಸ್ ದಿಕ್ಕಿನಲ್ಲೂ ನಂದೇ ತಪ್ಪು. ಉಬುಂಟುವಿನಿಂದ ವಿಂಡೋಸ್‌ಗೆ ಹೋಗುವಾಗ ವಿಂಡೋಸ್‌ನ ನಾಲ್ಕಂಕಿ ಪಿನ್ ಹೊಡೆಯುತ್ತಿದ್ದೆ. ಪಿನ್ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್‌ನಿಂದ ಬಂದರೆ ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು.

ಅರ್ಧ ಗಂಟೆ ಕೆಲಸ, 400 ರೂಪಾಯಿ ತಗೊಂಡ. ಬಿಲ್ ಮಾತ್ರ ಕೇಳಿದ ಮೇಲೇ ಕೊಟ್ಟ.