ಕಡಲ ದಾರಿಯಲ್ಲಿ ಕಾರ್ ಫ್ರಿಜ್: ಕೆಲವು ವರ್ಷ ಬಳಸಿದ ಮೇಲೆ

ಕಾರಿನಲ್ಲಿ ಇಟ್ಟುಕೊಳ್ಳುವ 12 ವೋಲ್ಟ್ ಫ್ರಿಜ್ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದಂಥವು. ಎಷ್ಟು ನಿಮಿಷಕ್ಕೆ ತಣ್ಣಗಾಯಿತು, ಸದ್ದು ಎಷ್ಟು, ಎಷ್ಟು ಬಾಟಲಿ ಹಿಡಿಸಿತು ಅನ್ನುವಲ್ಲಿಗೆ ಮುಗಿಯುತ್ತವೆ. ನಮ್ಮ ಮನೆಯಲ್ಲಿರುವುದು ಸುಮಾರು 30 ಲೀಟರಿನ ಕಂಪ್ರೆಸರ್ ಫ್ರಿಜ್. ರಜೆ ಬಂದಾಗಲೆಲ್ಲ ಅತ್ತೆ, ಮಕ್ಕಳನ್ನು ಕರೆದುಕೊಂಡು ಸಮುದ್ರದ ಅಂಚಿನ ರಸ್ತೆಗಳಲ್ಲಿ ಓಡಾಡುವುದು ನಮಗೆ ರೂಢಿ. ಆ ಓಡಾಟದಲ್ಲೆಲ್ಲ ಇದು ಡಿಕ್ಕಿಯಲ್ಲಿ ಕೂತೇ ಬಂದಿದೆ. ತಣ್ಣಗೆ ಮಾಡುವ ಕೆಲಸದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಟ್ಟಿದ್ದೆಲ್ಲ ಮುಚ್ಚಳದ ಕೀಲು, ಫ್ಯಾನು, ಪ್ಲಗ್ಗು, ಅಂದರೆ ಉಪ್ಪುಗಾಳಿ ಮೊದಲು ಬಾಯಿ ಹಾಕುವ ಸಣ್ಣಪುಟ್ಟ ಭಾಗಗಳು. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಈ ಬೆಲೆಯ ಫ್ರಿಜ್‌ಗಳೆಲ್ಲ ಒಳಗಿನಿಂದ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಆದ್ದರಿಂದ ಇಲ್ಲಿ ಬರೆದದ್ದು ಬೇರೆಯವಕ್ಕೂ ಸಲ್ಲುತ್ತದೆ.

ಕೊಳ್ಳಲು ಕಾರಣ ಅತ್ತೆಯ ಇನ್ಸುಲಿನ್. ಅದಕ್ಕೂ ಮುಂಚೆ ಐಸ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕಾಲ ಹಾಕುತ್ತಿದ್ದೆವು. ಐಸನ್ನು ಹೀಗಳೆಯುವುದು ಬೇಡ. ಒಂದು ಕೆಜಿ ಐಸ್ ಕರಗುವಾಗ 334 ಕಿಲೋಜೌಲ್ ಶಾಖ ಹೀರಿಕೊಳ್ಳುತ್ತದೆ, ಬ್ಯಾಟರಿ ಲೆಕ್ಕದಲ್ಲಿ ಸುಮಾರು 93 ವ್ಯಾಟ್-ಅವರ್. ಐದು ಕೆಜಿ ಐಸ್ ಇದ್ದರೆ ಒಂದು ದಿನದ ಸುತ್ತಾಟಕ್ಕೆ ಧಾರಾಳ. ತೊಂದರೆ ಶುರುವಾಗುವುದು ಎರಡನೇ ದಿನ. ಡಬ್ಬಿಗಳೆಲ್ಲ ಐಸ್ ನೀರಿನಲ್ಲಿ ತೇಲುತ್ತವೆ, ಹಣ್ಣು ಮೆತ್ತಗಾಗುತ್ತದೆ, ಔಷಧಿಯ ಲೇಬಲ್ ಕಿತ್ತು ಬರುತ್ತದೆ, ಮತ್ತೆ ಐಸ್ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾ ದಾರಿ ಬಿಟ್ಟು ಊರೊಳಗೆ ನುಗ್ಗಬೇಕು.

ಅಂಗಡಿಗೆ ಹೋದರೆ ನೋಡಲು ಒಂದೇ ಥರದ ಎರಡು ಜಾತಿ ಕಾಣುತ್ತವೆ. ಕಡಿಮೆ ಬೆಲೆಯವು ಪೆಲ್ಟಿಯರ್ ಪೆಟ್ಟಿಗೆಗಳು. ಎರಡು ಲೋಹಗಳ ಬೆಸುಗೆಯಲ್ಲಿ ಕರೆಂಟ್ ಹರಿಸಿದರೆ ಒಂದು ಕಡೆ ತಣ್ಣಗೂ ಇನ್ನೊಂದು ಕಡೆ ಬಿಸಿಯೂ ಆಗುತ್ತದೆ ಎಂದು ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡ ಗುಣದ ಮೇಲೆ ನಡೆಯುವಂಥವು. ಇವು ಹೊರಗಿನ ಶಾಖಕ್ಕಿಂತ 15-20 ಡಿಗ್ರಿ ಕೆಳಗಿಳಿಸಬಲ್ಲವು, ಅಷ್ಟೇ. ಬಿಸಿಲಲ್ಲಿ ನಿಂತ ಕಾರಿನೊಳಗೆ 45 ಡಿಗ್ರಿ ಇದ್ದರೆ ಪೆಟ್ಟಿಗೆಯೊಳಗೆ 25ರ ಮೇಲೆಯೇ. ತಂಪು ಪಾನೀಯಕ್ಕೆ ಹೇಗೋ ನಡೆದೀತು, ಔಷಧಿಗೆ ಆಗದು. ಕಂಪ್ರೆಸರ್ ಇರುವುದು ಮನೆಯ ಫ್ರಿಜ್‌ನ ಹಾಗೆಯೇ ಕೆಲಸ ಮಾಡುತ್ತದೆ. ಹೊರಗೆ ಎಷ್ಟೇ ಸೆಕೆಯಿದ್ದರೂ 4 ಡಿಗ್ರಿ ಎಂದು ಒತ್ತಿದರೆ ಅಲ್ಲಿಗೆ ಇಳಿದೇ ತೀರುತ್ತದೆ, ಬೇಕೆಂದರೆ ಸೊನ್ನೆಯ ಕೆಳಗೂ ಹೋಗುತ್ತದೆ. ಬೆಲೆಯೇನೋ ಬಹಳ ಹೆಚ್ಚು. ಆದರೆ ಸೆಕೆಗಾಲದ ಕಡಲತೀರಕ್ಕೆ ಪೆಲ್ಟಿಯರ್ ಕೊಳ್ಳುವುದಕ್ಕಿಂತ ಐಸ್ ಪೆಟ್ಟಿಗೆಯೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಇನ್ಸುಲಿನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಳಕೆಗೆ ತೆಗೆದ ಪೆನ್ನನ್ನು ಸಾಮಾನ್ಯವಾಗಿ ಕೆಲವು ವಾರ ಹೊರಗೇ ಇಟ್ಟುಕೊಳ್ಳಬಹುದು, ಬಿಸಿಲೂ ಹೆಚ್ಚಿನ ಶಾಖವೂ ತಾಗಬಾರದು. ತೆರೆಯದ ದಾಸ್ತಾನು ಮಾತ್ರ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹೆಪ್ಪುಗಟ್ಟಿತೋ ಮುಗಿಯಿತು, ಕರಗಿದ ಮೇಲೆ ನೋಡಲು ಸರಿಯಿದ್ದರೂ ಬಳಸುವಂತಿಲ್ಲ. ಈ ಫ್ರಿಜ್‌ನ ಡಿಸ್‌ಪ್ಲೇ ತೋರಿಸುವುದು ಸೆನ್ಸರ್ ಇರುವ ಜಾಗದ ತಾಪಮಾನವನ್ನು. ತಣ್ಣಗಾಗುವ ಕೊಳವೆಗಳು ಸುತ್ತಲಿನ ಗೋಡೆಯೊಳಗೆ ಹಾದುಹೋಗುವುದರಿಂದ, ಮೇಲೆ 4 ಎಂದು ಬೆಳಗುತ್ತಿದ್ದಾಗಲೇ ತಳದ ಮೂಲೆಯಲ್ಲಿ ಗೋಡೆಗೆ ಆತುಕೊಂಡ ನೀರಿನ ಬಾಟಲಿಯಲ್ಲಿ ಐಸ್ ಪದರ ಕಟ್ಟಿದ್ದನ್ನು ನೋಡಿದ್ದೇವೆ. ಆದ್ದರಿಂದ ಅತ್ತೆಯ ಡಬ್ಬಿಗೆ ಕಂಪ್ರೆಸರ್ ಇರುವ ಕಡೆಯ ಮೆಟ್ಟಿಲಿನಂಥ ಎತ್ತರದ ಜಾಗವೇ ಕಾಯಂ. ಡಬ್ಬಿಗೆ ಒಂದು ಕೈವಸ್ತ್ರ ಸುತ್ತಿ, ಜೊತೆಗೆ ಕನಿಷ್ಠ-ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಸಣ್ಣ ಥರ್ಮಾಮೀಟರ್ ಇಡುತ್ತೇವೆ. ಸೆಟ್ಟಿಂಗ್ 5 ಡಿಗ್ರಿ. ಥರ್ಮಾಮೀಟರ್‌ಗೆ ಕೊಟ್ಟ ದುಡ್ಡು ಈ ಇಡೀ ಖರೀದಿಯಲ್ಲೇ ಸಾರ್ಥಕವಾದ ದುಡ್ಡು. ಪ್ರತಿ ಸಂಜೆ ಅತ್ತೆಯೇ ಅದನ್ನು ಓದಿ ಚೀಟಿಯಲ್ಲಿ ಬರೆದಿಡುತ್ತಾರೆ, ನಮ್ಮ ಮೇಲೆ ಅವರಿಗೆ ಅಷ್ಟೇನೂ ನಂಬಿಕೆಯಿಲ್ಲ.

ಕರೆಂಟಿನ ಲೆಕ್ಕ ಹೆದ್ದಾರಿಗೂ ಕಡಲ ದಾರಿಗೂ ಒಂದೇ ಅಲ್ಲ. ಹೆದ್ದಾರಿಯಲ್ಲಿ ಎಂಜಿನ್ ಓಡುತ್ತಲೇ ಇರುತ್ತದೆ, ಫ್ರಿಜ್‌ಗೆ ಯಾವ ಚಿಂತೆಯೂ ಇಲ್ಲ. ಕಡಲ ದಾರಿಯಲ್ಲಿ ಗಳಿಗೆಗೊಮ್ಮೆ ನಿಲ್ಲುವುದೇ ಪ್ರಯಾಣ. ಒಂದು ತಿರುವಿನಲ್ಲಿ ದೀಪಸ್ತಂಭ, ಮುಂದಿನದರಲ್ಲಿ ಬಂಡೆಗಳ ನಡುವಿನ ಪುಟ್ಟ ಮರಳದಂಡೆ. ಮಕ್ಕಳು ನೀರಿಗಿಳಿದರೆ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಬಹಳ ಕಾರುಗಳಲ್ಲಿ ಎಂಜಿನ್ ಆಫ್ ಮಾಡಿದೊಡನೆ 12 ವೋಲ್ಟ್ ಸಾಕೆಟ್ ಕೂಡ ಸತ್ತುಹೋಗುತ್ತದೆ, ಕೆಲವು ಕಾರುಗಳಲ್ಲಿ ಇಲ್ಲ. ನಿಮ್ಮದು ಯಾವುದು ಎಂದು ಮನೆ ಮುಂದೆಯೇ ನೋಡಿಕೊಳ್ಳಿ. ನಮ್ಮದರಲ್ಲಿ ಸಾಕೆಟ್ ಜೀವಂತ ಇರುತ್ತದೆ, ಹಾಗಾಗಿ ಬ್ಯಾಟರಿಯ ಮೇಲೆ ಕಣ್ಣಿಡಬೇಕು. ಕಂಪ್ರೆಸರ್ ಓಡುವಾಗ ಸುಮಾರು 45 ವ್ಯಾಟ್, ಅಂದರೆ 4 ಆಂಪಿಯರ್‌ನ ಹತ್ತಿರ. ಅರ್ಧ ಹೊತ್ತು ಓಡಿ ಅರ್ಧ ಹೊತ್ತು ನಿಂತರೆ ಗಂಟೆಗೆ 2 ಆಂಪಿಯರ್-ಅವರ್. ನಮ್ಮ ಬ್ಯಾಟರಿ 45 ಆಂಪಿಯರ್-ಅವರ್‌ನದು, ಎರಡು ಮೂರು ಗಂಟೆಗೆ ತೊಂದರೆಯಿಲ್ಲ. ಆದರೆ ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಕಂಪ್ರೆಸರ್‌ಗೆ ಬಿಡುವೇ ಸಿಗುವುದಿಲ್ಲ, ಲೆಕ್ಕ ಎರಡು ಪಟ್ಟಾಗುತ್ತದೆ.

ಬ್ಯಾಟರಿ ಪೂರ್ತಿ ಇಳಿಯದಂತೆ ಫ್ರಿಜ್ ತಾನೇ ಆಫ್ ಆಗುವ ವ್ಯವಸ್ಥೆ ಇದೆ, ಹೈ, ಮೀಡಿಯಂ, ಲೋ ಎಂದು ಮೂರು ಹಂತ. ನಮ್ಮದರಲ್ಲಿ ಹೈ ಎಂದರೆ 11.1 ವೋಲ್ಟ್, ಲೋ ಎಂದರೆ 8.5. ಲೋ ಇರುವುದು ಪ್ರತ್ಯೇಕ ಪವರ್ ಬ್ಯಾಂಕಿಗೆ ಜೋಡಿಸುವವರಿಗಾಗಿ. ಕಾರಿನ ಬ್ಯಾಟರಿಯನ್ನು ಅಷ್ಟಕ್ಕೆ ಇಳಿಸಿದರೆ ಆಮೇಲೆ ತಳ್ಳುವುದೇ ಗತಿ. ಹೈನಲ್ಲೇ ಇಡಿ, ಹಾಗಿಟ್ಟರೂ ಅದನ್ನೇ ನೆಚ್ಚಬೇಡಿ. 11.1 ಎಂದರೆ ಸ್ಟಾರ್ಟರ್ ಬ್ಯಾಟರಿಯ ಮಟ್ಟಿಗೆ ಆಗಲೇ ತಳ ಕಂಡ ಹಾಗೆ. ಹೆಚ್ಚು ಹೊತ್ತು ನಿಲ್ಲುವ ಕಡೆ ನಮ್ಮ ಯಜಮಾನರು ಫ್ರಿಜ್ ಆಫ್ ಮಾಡಿ, ಮೇಲೊಂದು ದಪ್ಪ ಹೊದಿಕೆ ಹಾಕಿಬಿಡುತ್ತಾರೆ. ತಣ್ಣನೆಯ ಸಾಮಾನು ಒತ್ತಾಗಿ ತುಂಬಿದ್ದರೆ ಎರಡು ಗಂಟೆಯಲ್ಲಿ ಏರುವುದು ಕೆಲವೇ ಡಿಗ್ರಿ. ಇದಕ್ಕೆಲ್ಲ ಮೂಲ ಒಂದೇ: ಹೊರಡುವ ಹಿಂದಿನ ರಾತ್ರಿಯೇ ಮನೆಯ ಕರೆಂಟಿಗೆ ಹಾಕಿ ಫ್ರಿಜ್ಜನ್ನೂ ಸಾಮಾನನ್ನೂ ತಣ್ಣಗೆ ಮಾಡಿಟ್ಟುಕೊಳ್ಳಬೇಕು. ಬಿಸಿ ಬಾಟಲಿ ತುಂಬಿ ಹೊರಟವರಿಗೆ ಅರ್ಧ ದಿನ ಅದನ್ನು ತಣಿಸುವುದರಲ್ಲೇ ಕಳೆಯುತ್ತದೆ.

ಈಗ ಉಪ್ಪಿನ ವಿಚಾರ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಲೆ ಒಡೆದಾಗ ಏಳುವ ಸಣ್ಣ ಹನಿಗಳನ್ನು ಗಾಳಿ ಹೊತ್ತು ತಂದು ಎಲ್ಲದರ ಮೇಲೂ ಸವರಿಬಿಡುತ್ತದೆ. ಬರಿ ನೀರಾಗಿದ್ದರೆ ಆರಿಹೋಗುತ್ತಿತ್ತು. ಉಪ್ಪು ಹಾಗಲ್ಲ, ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅದು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಕಡಲ ಪಕ್ಕ ರಾತ್ರಿಹೊತ್ತು ತೇವಾಂಶ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಹೀಗಾಗಿ ಒರೆಸದೆ ಬಿಟ್ಟ ತಿರುಪು ಬೆಳಗಿನವರೆಗೂ ಉಪ್ಪುನೀರಲ್ಲೇ ನೆನೆಯುತ್ತಿರುತ್ತದೆ.

ನಮ್ಮದರಲ್ಲಿ ಮೊದಲು ಹೋದದ್ದು ಮುಚ್ಚಳದ ಕೀಲಿನ ಪಿನ್ನು. ಹೊರಗಿನ ಹಿಡಿಕೆಗಳು ಸ್ಟೇನ್‌ಲೆಸ್ ಎಂದು ಹೊಳೆಯುತ್ತಿದ್ದವು, ಪಿನ್ನು ಮಾತ್ರ ಲೇಪನ ಹಚ್ಚಿದ ಮಾಮೂಲಿ ಉಕ್ಕು. ಮೊದಲು ತೆರೆಯುವಾಗ ಕಿರ್ ಎನ್ನುತ್ತಿತ್ತು, ಆಮೇಲೆ ಬಿಳಿ ಮುಚ್ಚಳದ ಮೇಲೆ ಕಂದು ಗೆರೆ ಇಳಿಯತೊಡಗಿತು, ಕೊನೆಗೆ ಮಗ ಮುಚ್ಚಳ ಎತ್ತಿದಾಗ ಒಂದು ಕಡೆ ಕಳಚಿಕೊಂಡೇ ಬಂತು. ಸ್ಟೇನ್‌ಲೆಸ್‌ನಲ್ಲೂ ಹಲವು ತರಗತಿ. ಸಾಮಾನ್ಯವಾಗಿ ಸಿಗುವುದು 304. ಮಾಲಿಬ್ಡಿನಂ ಬೆರೆತ 316 ಉಪ್ಪಿಗೆ ಹೆಚ್ಚು ತಡೆಯುತ್ತದೆ, ದೋಣಿಗಳಿಗೆ ಬಳಸುವುದೂ ಅದನ್ನೇ. ಈಗಿರುವ ಪಿನ್ನು 316ರದ್ದು, ಇನ್ನೂ ಒಂದು ಕಲೆಯೂ ಬಿದ್ದಿಲ್ಲ.

ಆಮೇಲೆ ಫ್ಯಾನು. ಬಿಸಿ ಹೊರಹಾಕಲು ಪಕ್ಕದ ಜಾಲರಿಯಿಂದ ಗಾಳಿ ಎಳೆದುಕೊಳ್ಳುತ್ತದಲ್ಲ, ಆ ಗಾಳಿಯೊಂದಿಗೆ ಉಪ್ಪೂ ನುಣ್ಣನೆ ಮರಳೂ ಒಳಗೆ ಹೋಗುತ್ತವೆ. ಜಾಲರಿ ಬಿಚ್ಚಿ ನೋಡಿದಾಗ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿ ಪುಡಿ ಕಟ್ಟಿತ್ತು, ಕೆಳಗಿನ ಮೂಲೆಯಲ್ಲಿ ಒಂದು ಚಮಚದಷ್ಟು ಮರಳು. ಫ್ಯಾನಿನ ಬೇರಿಂಗ್ ಸವೆದು ಗೊರಗೊರ ಸದ್ದು ಮಾಡುತ್ತಿತ್ತು. ಕಂಪ್ಯೂಟರಿಗೆ ಹಾಕುವ ಅಳತೆಯ 12 ವೋಲ್ಟ್ ಫ್ಯಾನೇ ಅದು, ಬದಲಿಸುವುದು ಕಷ್ಟವಾಗಲಿಲ್ಲ. ಪ್ಲಗ್ಗಿನ ತುದಿಗೆ ಹಸಿರು ಕಿಲುಬು ಹಿಡಿದದ್ದು ಮೂರನೆಯದು. ಕಿಲುಬಿದ್ದರೆ ಕರೆಂಟ್ ಸರಿಯಾಗಿ ಹರಿಯದೆ ಪ್ಲಗ್ಗು ಬಿಸಿಯಾಗುತ್ತದೆ, ಫ್ರಿಜ್‌ಗೆ ವೋಲ್ಟೇಜ್ ಸಾಲದೆ ಬ್ಯಾಟರಿ ಚೆನ್ನಾಗಿದ್ದರೂ ಆಫ್ ಆಗುತ್ತದೆ. ಫ್ರಿಜ್ ಕೆಟ್ಟಿತು ಎಂದು ಸರ್ವಿಸ್‌ಗೆ ಒಯ್ಯುವ ಮುಂಚೆ ಪ್ಲಗ್ಗನ್ನೊಮ್ಮೆ ಉಜ್ಜಿ ನೋಡಿ.

ವಾರಂಟಿ ಬಗ್ಗೆ ಒಂದು ಮಾತು. ತುಕ್ಕು ವಾರಂಟಿಗೆ ಬರುವುದಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದರು. ಡಬ್ಬದ ಮೇಲಿನ ದೊಡ್ಡ ಚಿತ್ರ ಯಾವುದಪ್ಪಾ ಅಂದರೆ, ಅಲೆಗಳ ಅಂಚಿನಲ್ಲಿ ಮರಳ ಮೇಲೆ ಕೂತ ಇದೇ ಫ್ರಿಜ್! ಕೀಲು ಕೇಳಿದರೆ ಇಡೀ ಮುಚ್ಚಳ ಕೊಳ್ಳಿ ಎಂದರು. ಪಿನ್ನನ್ನು ಕೊನೆಗೆ ಹೊರಗೇ ಮಾಡಿಸಿಕೊಂಡೆವು.

ಈಗ ಪ್ರತಿ ರಾತ್ರಿ ತಂಗುವ ಕಡೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹೊರಮೈ, ಕೀಲು, ಜಾಲರಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸುತ್ತೇವೆ. ಐದು ನಿಮಿಷದ ಕೆಲಸ, ಮಗಳು ಗೊಣಗುತ್ತಾ ಮಾಡುತ್ತಾಳೆ. ಊರಿಗೆ ಬಂದ ಮೇಲೆ ರಬ್ಬರ್ ಪಟ್ಟಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್, ಒಳಗೆ ಅಡುಗೆ ಸೋಡಾ ನೀರಿನ ಒರೆಸು, ಮುಚ್ಚಳ ಸ್ವಲ್ಪ ತೆರೆದೇ ಇಡುವುದು. ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ.

ಚಕ್ರವಿರುವ ಮಾದರಿಗೆ ಹೆಚ್ಚು ದುಡ್ಡು ಕೊಡಬೇಡಿ. ಮರಳಿನಲ್ಲಿ ಆ ಪುಟಾಣಿ ಚಕ್ರಗಳು ಹೂತುಹೋಗುತ್ತವೆ. ತುಂಬಿದ ಫ್ರಿಜ್ 25 ಕೆಜಿ ಮೀರುತ್ತದೆ, ಅದನ್ನು ದಂಡೆಗೆ ಒಯ್ಯುವ ಯೋಚನೆಯೇ ಬೇಡ. ಡಿಕ್ಕಿಯ ಕೊಂಡಿಗಳಿಗೆ ಬೆಲ್ಟ್ ಹಾಕಿ ಬಿಗಿದು ಅಲ್ಲೇ ಬಿಡಿ. ತಿರುವಿನ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಅಷ್ಟು ಭಾರ ಹಿಂದಿನ ಸೀಟಿನ ಮೇಲೆ ಬರುತ್ತದೆ, ಅಲ್ಲಿ ಕೂತಿರುವುದು ಮಕ್ಕಳು.

ಇದರಿಂದ ಪ್ರಯಾಣ ಬದಲಾದದ್ದು ಮಾತ್ರ ನಿಜ. ಮುಂಚೆ ಎಲ್ಲಿ ನಿಲ್ಲಬೇಕು ಎಂಬುದನ್ನು ಹಸಿವೆಯೋ ಐಸೋ ತೀರ್ಮಾನಿಸುತ್ತಿತ್ತು, ಈಗ ಉಬ್ಬರ-ಇಳಿತದ ಪಟ್ಟಿ ತೀರ್ಮಾನಿಸುತ್ತದೆ. ಬಹುತೇಕ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಇಂದು ನೀರು ಇಳಿದ ಹೊತ್ತಿಗೆ 50 ನಿಮಿಷ ಸೇರಿಸಿದರೆ ನಾಳೆಯದು ಸಿಗುತ್ತದೆ. ಬಂಡೆಗಳ ನಡುವೆ ನಿಂತ ನೀರಲ್ಲಿ ಏಡಿ, ನಕ್ಷತ್ರಮೀನು ಹುಡುಕುವುದು ಮಕ್ಕಳಿಗೆ ಬೇಕಾದ್ದು, ಅದು ಕಾಣುವುದು ಇಳಿತದಲ್ಲೇ. ಊಟದ ಹೊತ್ತಾದರೂ ಹೊರಡುವ ಗಡಿಬಿಡಿಯಿಲ್ಲ. ಒಮ್ಮೆ ನಾನೇ ಹೊರಡೋಣ ಎಂದು ಅವಸರ ಮಾಡಿದಾಗ ಅತ್ತೆ, "ಇರಮ್ಮ, ನನ್ನ ಔಷಧಿ ತಣ್ಣಗಿದೆ, ಮಕ್ಕಳ ಹಾಲೂ ತಣ್ಣಗಿದೆ, ನಿನಗೊಬ್ಬಳಿಗೇ ಯಾಕೆ ಇಷ್ಟು ಬಿಸಿ?" ಎಂದರು.

ಇನ್ನು ಅಳತೆ. ನಾಲ್ಕೈದು ಜನಕ್ಕೆ 30 ಲೀಟರ್ ಸರಿಯಾಗುತ್ತದೆ, 20 ಆದರೆ ನೀರಿನ ಬಾಟಲಿಗಳಿಗೇ ಮುಗಿಯುತ್ತದೆ. ಕೊಳ್ಳುವ ಮುಂಚೆ ಟೇಪು ಹಿಡಿದು ಡಿಕ್ಕಿ ಅಳೆಯಿರಿ. ಫ್ರಿಜ್‌ನ ಎತ್ತರ ಅಳೆದರೆ ಸಾಲದು, ಮುಚ್ಚಳ ಪೂರ್ತಿ ತೆರೆದಾಗಿನ ಎತ್ತರ ಬೇಕು. ಜಾಲರಿಯಿರುವ ಪಕ್ಕದಲ್ಲಿ ಒಂದು ಗೇಣು ಖಾಲಿ ಜಾಗವನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅಲ್ಲಿಗೆ ಒದ್ದೆ ಟವೆಲ್ಲುಗಳ ಚೀಲ ಒತ್ತರಿಸಿದರೆ ಕಂಪ್ರೆಸರ್‌ಗೆ ಉಸಿರುಕಟ್ಟುತ್ತದೆ.