ವೀಕೆಂಡ್‌ಗೆ ಸೆವಿಲ್ ಒಳ್ಳೇದಾ ವಲೆನ್ಸಿಯಾ ಒಳ್ಳೇದಾ: ಎರಡೂ ಸುತ್ತಿ ಬಂದ್ಮೇಲೆ

ಸ್ಪೇನ್‌ಗೆ ಎರಡು ದಿನಕ್ಕೆ ಹೋಗಿಬರೋಣ ಅಂದ್ರೆ ನಮ್ಮೋರ ಬಾಯಲ್ಲಿ ಮೊದ್ಲು ಬರೋದು ಬಾರ್ಸಿಲೋನಾ. ನಾನಂತೂ ಬೇಡ ಅಂತೀನಿ. ಸಗ್ರಾಡಾ ಫಮಿಲಿಯಾಗೆ ಒಂದು ಟೈಮ್ ಸ್ಲಾಟ್, ಪಾರ್ಕ್ ಗ್ವೆಲ್‌ಗೆ ಇನ್ನೊಂದು ಸ್ಲಾಟ್, ನಡುವೆ ಮೆಟ್ರೋದಲ್ಲಿ ಪರ್ಸ್ ಮೇಲೆ ಒಂದು ಕೈ ಇಟ್ಕೊಂಡೇ ನಿಂತಿರ್ಬೇಕು, ಶನಿವಾರ ಭಾನುವಾರ ಅಲ್ಲಿಗೇ ಮುಗೀತು. ಮ್ಯಾಡ್ರಿಡ್ ಮ್ಯೂಸಿಯಂ ಹುಚ್ಚಿರೋರಿಗೆ ಸರಿ, ಪ್ರಾಡೋದಲ್ಲಿ ಸಂಜೆ ಕೊನೇ ಎರಡು ಗಂಟೆ ಫ್ರೀ ಎಂಟ್ರಿ ಬೇರೆ ಇದೆ, ಆದ್ರೆ ಇಲ್ಲಿ ನೆದರ್ಲ್ಯಾಂಡ್ಸ್‌ನ ಮೋಡ ಮಳೆ ನೋಡಿ ಸಾಕಾಗಿರೋರಿಗೆ ಬಿಸಿಲು, ಬೀದಿ, ಊಟ ಈ ಮೂರು ಬೇಕು ಅನ್ಸತ್ತೆ. ಹಾಗಾಗಿ ನಮ್ಮನೇಲಿ ಕೊನೆಗೆ ಉಳಿದಿದ್ದು ಎರಡೇ, ದಕ್ಷಿಣದ ಸೆವಿಲ್, ಪೂರ್ವ ಕರಾವಳಿಯ ವಲೆನ್ಸಿಯಾ. ಎರಡಕ್ಕೂ ಇಲ್ಲಿಂದ ಡೈರೆಕ್ಟ್ ಫ್ಲೈಟ್ ಇದೆ, ಹೆಚ್ಚುಕಮ್ಮಿ ಎರಡೂವರೆಯಿಂದ ಮೂರು ಗಂಟೆ.

ಈ ಎರಡನ್ನ ಹೋಲಿಸೋಕೆ ಎಲ್ರೂ ನೋಡೋ ಜಾಗದ ಲಿಸ್ಟ್ ಹಿಡ್ಕೊಂಡು ಕೂರ್ತಾರೆ. ಲಿಸ್ಟ್ ನೋಡಿದ್ರೆ ಸೆವಿಲ್ ಗೆದ್ದೇ ಗೆಲ್ಲತ್ತೆ, ಅದ್ರಲ್ಲಿ ಚರ್ಚೆನೇ ಇಲ್ಲ. ನಾನು ಕೇಳೋ ಪ್ರಶ್ನೆ ಬೇರೆ: ಆ ಊರಲ್ಲಿ ಭಾನುವಾರ ಹೇಗೆ ಕಳಿಯತ್ತೆ? ಯಾಕಂದ್ರೆ ವೀಕೆಂಡ್ ಟ್ರಿಪ್ ಅಂದ್ರೆ ಅರ್ಧ ಭಾಗ ಭಾನುವಾರನೇ, ಸ್ಪೇನ್‌ನಲ್ಲಿ ಅವತ್ತು ಅಂಗಡಿ ಬಹಳಷ್ಟು ಮುಚ್ಚಿರತ್ತೆ, ಮಾರ್ಕೆಟ್ ಮುಚ್ಚಿರತ್ತೆ, ಹೋಟೆಲ್ ರೂಮ್ ಬೆಳಿಗ್ಗೆನೇ ಖಾಲಿ ಮಾಡಿ ಬ್ಯಾಗ್ ರಿಸೆಪ್ಷನ್‌ನಲ್ಲಿ ಬಿಟ್ಟು ರಾತ್ರಿ ಫ್ಲೈಟ್ ತನಕ ಬೀದೀಲೇ ಇರ್ಬೇಕು.

ಮೊದ್ಲು ಸೆವಿಲ್. ಇದು ಟಿಕೆಟ್ ಊರು. ಅಲ್ಕಾಸಾರ್ ಅರಮನೆಗೆ ಆನ್‌ಲೈನ್‌ನಲ್ಲಿ ಮುಂಚೆನೇ ಟೈಮ್ ಹಾಕಿ ಬುಕ್ ಮಾಡ್ದೆ ಹೋದ್ರೆ ಸೀಸನ್‌ನಲ್ಲಿ ಗೋಡೆ ಪಕ್ಕದ ಕ್ಯೂ ನೋಡೇ ವಾಪಸ್ ಬರ್ಬೇಕಾಗತ್ತೆ. ಆದ್ರೆ ಒಳಗೆ ಹೋದ್ಮೇಲೆ ಯಾರಿಗೂ ಬೇಜಾರಾಗಿದ್ದು ನೋಡಿಲ್ಲ. 1360ರ ದಶಕದಲ್ಲಿ ಪೆದ್ರೋ ಅನ್ನೋ ಕ್ರಿಶ್ಚಿಯನ್ ರಾಜ ಮುಸ್ಲಿಂ ಶೈಲಿಯ ಕುಶಲಕರ್ಮಿಗಳನ್ನ ಕರೆಸಿ ಕಟ್ಟಿಸಿದ ಭಾಗ ಅಲ್ಲಿನ ಜೀವಾಳ, ಗೋಡೆ ತುಂಬ ಗಾರೆ ಕೆತ್ತನೆ, ಅರೇಬಿಕ್ ಬರಹ, ಕೆಳಗೆ ಬಣ್ಣದ ಟೈಲ್ಸು, ಅಂಗಳದ ನಡುವೆ ನೀರು. ಸ್ಪೇನ್ ರಾಜಮನೆತನ ಆ ಊರಿಗೆ ಬಂದ್ರೆ ಉಳ್ಕೊಳ್ಳೋ ಮಹಡಿ ಇವತ್ತಿಗೂ ಅಲ್ಲೇ ಮೇಲ್ಗಡೆ ಇದೆ. ತೋಟಕ್ಕೆ ಒಂದು ಗಂಟೆ ಬೇರೆನೇ ಇಟ್ಕೊಳ್ಳಿ, ನವಿಲು ಓಡಾಡ್ತಿರತ್ತೆ, ಮಕ್ಕಳಿಗೆ ಅರಮನೆಗಿಂತ ಅದೇ ಇಷ್ಟ ಆಗತ್ತೆ.

ಪಕ್ಕದಲ್ಲೇ ಕ್ಯಾಥೀಡ್ರಲ್, ಒಳಗೆ ಕೊಲಂಬಸ್ ಸಮಾಧಿ, ಅದನ್ನ ಹೊತ್ಕೊಂಡಿರೋ ನಾಲ್ಕು ದೊಡ್ಡ ವಿಗ್ರಹ. ಆದ್ರೆ ನಂಗೆ ಹಿಡಿಸಿದ್ದು ಗಿರಾಲ್ದಾ ಗೋಪುರ. 12ನೇ ಶತಮಾನದ ಕೊನೇಲಿ ಮಸೀದಿಯ ಮಿನಾರ್ ಆಗಿ ಕಟ್ಟಿದ್ದು, ಮೇಲಿನ ಗಂಟೆ ಭಾಗ 16ನೇ ಶತಮಾನದಲ್ಲಿ ಸೇರಿಸಿದ್ದು. ಮೇಲಕ್ಕೆ ಹತ್ತೋಕೆ ಮೆಟ್ಟಲಿಲ್ಲ, 30ಕ್ಕೂ ಹೆಚ್ಚು ಇಳಿಜಾರು ದಾರಿಗಳು ಒಳಗಿಂದ ಒಳಗೇ ತಿರುಗ್ಕೊಂಡು ಹೋಗತ್ತೆ, ಆಗ ಅಜಾನ್ ಕೂಗೋರು ಕುದುರೆ ಮೇಲೆ ಹತ್ತಿಹೋಗ್ತಿದ್ರು ಅಂತಾರೆ, ಕೊನೇಲಿ ಮಾತ್ರ ಒಂದಿಷ್ಟು ಮೆಟ್ಟಲು. ಮಂಡಿನೋವಿರೋ ನಮ್ಮಮ್ಮ ಒಂದೊಂದು ತಿರುವಲ್ಲೂ ಕಿಟಕಿ ಹತ್ರ ನಿಂತು ಸುಧಾರಿಸ್ಕೊಂಡು ಆರಾಮಾಗಿ ಹತ್ತಿದ್ರು. ಇದೇ ಅಮ್ಮನಿಗೆ ವಲೆನ್ಸಿಯಾ ಕ್ಯಾಥೀಡ್ರಲ್‌ನ ಮಿಕಲೆಟ್ ಗೋಪುರ ಆಗ್ಲಿಲ್ಲ, ಅದು ಇಕ್ಕಟ್ಟಾದ ಸುರುಳಿ ಮೆಟ್ಟಲು, 207 ಇದೆ, ಮೇಲಿಂದ ಇಳಿಯೋರಿಗೆ ದಾರಿ ಬಿಡೋದೇ ಕಷ್ಟ.

ಈಗ ಸೆವಿಲ್‌ನ ಭಾನುವಾರಕ್ಕೆ ಬರೋಣ. ಬೆಳಿಗ್ಗೆ ಪ್ರಾರ್ಥನೆ ಇರೋದ್ರಿಂದ ಕ್ಯಾಥೀಡ್ರಲ್ ಟೂರಿಸ್ಟ್‌ಗಳಿಗೆ ತೆರೆಯೋದೇ ಮಧ್ಯಾಹ್ನದ ಮೇಲೆ. ಹಾಗಾಗಿ ಶನಿವಾರ ಕ್ಯಾಥೀಡ್ರಲ್, ಭಾನುವಾರ ಬೆಳಿಗ್ಗೆ ಅಲ್ಕಾಸಾರ್ ಅಂತ ಹಾಕೋಬೇಕು, ಅದಕ್ಕೆ ಸ್ಲಾಟ್ ಸಿಗಬೇಕು, ಸಿಗಲಿಲ್ಲ ಅಂದ್ರೆ ಇಡೀ ಪ್ಲ್ಯಾನ್ ತಲೆಕೆಳಗು. ಅದೊಂದು ತಪ್ಪಿದ್ರೆ ಉಳಿಯೋದು ಪ್ಲಾಸಾ ದೆ ಎಸ್ಪಾನ್ಯಾ, 1929ರ ಇಬೆರೋ-ಅಮೆರಿಕನ್ ಎಕ್ಸಿಬಿಷನ್‌ಗೆ ಕಟ್ಟಿದ ಅರ್ಧಚಂದ್ರ ಆಕಾರದ ದೊಡ್ಡ ಕಟ್ಟಡ, ಸ್ಪೇನ್‌ನ ಪ್ರಾಂತ್ಯಗಳಿಗೆ ಒಂದೊಂದು ಟೈಲ್ಸ್ ಹಾಕಿದ ಕಟ್ಟೆ, ಎಲ್ರೂ ತಮ್ಮ ತಮ್ಮ ಪ್ರಾಂತ್ಯದ ಕಟ್ಟೆ ಹುಡ್ಕಿ ಕೂತು ಫೋಟೋ ತೆಗೆಸ್ಕೋತಿರ್ತಾರೆ. ಚೆನ್ನಾಗಿದೆ, ಆದ್ರೆ ಒಂದೂವರೆ ಗಂಟೆಗೆ ಮುಗಿಯತ್ತೆ, ಅಂಗಳದಲ್ಲಿ ಒಂದು ಮರದ ನೆರಳಿಲ್ಲ. 2011ರಲ್ಲಿ ತೆರೆದ ಲಾಸ್ ಸೇತಾಸ್ ಅನ್ನೋ ಮರದ ಅಣಬೆ ಕಟ್ಟಡ ಸಂಜೆ ಮೇಲೆ ಹತ್ತೋಕೆ ಪರವಾಗಿಲ್ಲ.

ವಲೆನ್ಸಿಯಾದಲ್ಲಿ ಬಿಟ್ರೆ ಕಳ್ಕೊಂಡಂಗೆ ಅನ್ನೋ ಒಂದು ದೊಡ್ಡ ಹೆಸರಿಲ್ಲ. ನನ್ನ ಪ್ರಕಾರ ವೀಕೆಂಡ್‌ಗೆ ಅದೇ ಅನುಕೂಲ. ಶನಿವಾರ ಬೆಳಿಗ್ಗೆ ಸೀದಾ ಮೆರ್ಕಾಡೋ ಸೆಂಟ್ರಲ್‌ಗೆ ಹೋಗಿ, 1928ರಲ್ಲಿ ತೆರೆದ ಗಾಜು ಕಬ್ಬಿಣದ ಮಾರ್ಕೆಟ್ಟು, ಅದು ಭಾನುವಾರ ಬಂದ್, ಮಧ್ಯಾಹ್ನ ಮೂರಕ್ಕೆಲ್ಲ ಬಾಗಿಲು ಹಾಕ್ತಾರೆ, ಆದ್ರಿಂದ ಇದನ್ನ ಮುಂದಕ್ಕೆ ಹಾಕ್ಬೇಡಿ. ಎದುರಿಗೇ ಇರೋ ಲಾ ಲೋಂಜಾ ರೇಷ್ಮೆ ವ್ಯಾಪಾರದ ಹಳೇ ಮಂಟಪ, 1996ರಿಂದ ಯುನೆಸ್ಕೋ ಪಟ್ಟೀಲಿದೆ, ಹಗ್ಗ ಹೊಸೆದ ಹಾಗೆ ತಿರುಚಿದ ಕಂಬಗಳು ಮೇಲೆ ಹೋಗಿ ಛಾವಣೀಲಿ ಸೇರ್ಕೊಳ್ಳತ್ತೆ. ಅದಕ್ಕೆ ಭಾನುವಾರ ಟಿಕೆಟ್ಟೇ ಇಲ್ಲ, ಹಾಗಾಗಿ ಅದನ್ನ ಮಾತ್ರ ಮರುದಿನಕ್ಕೆ ಬಿಡಬಹುದು. ಒಂದೇ ಬೇಜಾರು ಅಂದ್ರೆ ಕ್ಯಾಥೀಡ್ರಲ್ ಬಾಗಿಲಲ್ಲಿ ನಡಿಯೋ ನೀರಿನ ಪಂಚಾಯ್ತಿ, ಹೊಲಗಳ ಕಾಲುವೆ ನೀರಿನ ಜಗಳ ಬಾಯಿಮಾತಲ್ಲೇ ತೀರ್ಮಾನ ಮಾಡೋ ಶತಮಾನಗಳ ಹಳೇ ಕೋರ್ಟು, ಅದು ಸೇರೋದು ಗುರುವಾರ ಮಧ್ಯಾಹ್ನ 12ಕ್ಕೆ. ವೀಕೆಂಡ್ ಮಂದಿಗೆ ಅದು ಸಿಗಲ್ಲ. ಕಾವೇರಿ ಜಗಳ ಕೇಳ್ಕೊಂಡೇ ಬೆಳೆದ ನನಗೆ ಅದನ್ನ ನೋಡ್ಲೇಬೇಕು ಅಂತಿತ್ತು.

ಭಾನುವಾರ ಅಂದ್ರೆ ತೂರಿಯಾ ಪಾರ್ಕ್. ಇದು ನದಿ ಹರೀತಿದ್ದ ಜಾಗ. 1957ರಲ್ಲಿ ಊರಿಗೆ ಭಾರೀ ಪ್ರವಾಹ ಬಂದು ಜನ ಸತ್ರು, ಆಮೇಲೆ ನದೀನೇ ಊರಿನ ದಕ್ಷಿಣಕ್ಕೆ ಹೊಸ ಕಾಲುವೆ ತೋಡಿ ತಿರುಗಿಸಿದ್ರು. ಖಾಲಿಯಾದ ಪಾತ್ರದಲ್ಲಿ ಹೈವೇ ಮಾಡೋಣ ಅಂತ ಸರ್ಕಾರ ಹೊರಟಿದ್ದಕ್ಕೆ ಊರಿನೋರು ನಮಗೆ ತೋಟ ಬೇಕು ಅಂತ ಪಟ್ಟು ಹಿಡಿದು ಪಡ್ಕೊಂಡ್ರು. ಈಗ ಸುಮಾರು 9 ಕಿಲೋಮೀಟರ್ ಉದ್ದ, ಹಳೇ ಸೇತುವೆಗಳೆಲ್ಲ ಹಾಗೇ ಮೇಲಿವೆ, ಕೆಳಗೆ ನೀರಿನ ಬದ್ಲು ಸೈಕಲ್ಲು, ಫುಟ್ಬಾಲು, ಬರ್ತ್‌ಡೇ ಪಾರ್ಟಿ, ಅಜ್ಜ ಅಜ್ಜಿ ಎಲ್ಲ ಇರ್ತಾರೆ. 2024ರ ಅಕ್ಟೋಬರ್ 29ರ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದ್ರಲ್ಲ, ಅವತ್ತು ಹಳೇ ಊರು ಉಳ್ಕೊಂಡಿದ್ದು ಈ ತಿರುಗಿಸಿದ ನದಿಯಿಂದ, ನೀರು ನುಗ್ಗಿದ್ದು ಅದರ ಆಚೆ ಇರೋ ಪೈಪೋರ್ತಾದಂಥ ಊರುಗಳಿಗೆ. ಪಾರ್ಕಲ್ಲಿ ಸೈಕಲ್ ಹೊಡೀವಾಗ ಇದು ಗೊತ್ತಿದ್ರೆ ಆ ಜಾಗನೇ ಬೇರೆ ಥರ ಕಾಣತ್ತೆ.

ಬಾಡಿಗೆ ಸೈಕಲ್ ತಗೊಂಡು ಪಾರ್ಕ್ ಹಿಡ್ದು ಪೂರ್ವಕ್ಕೆ ಹೋದ್ರೆ ಸೀದಾ ಕಲಾತ್ರಾವಾ ಅನ್ನೋ ಆರ್ಕಿಟೆಕ್ಟ್ ಕಟ್ಟಿದ ಬಿಳೀ ಕಟ್ಟಡಗಳು, ಸಿಟಿ ಆಫ್ ಆರ್ಟ್ಸ್ ಅಂಡ್ ಸೈನ್ಸಸ್. ಹೊರಗಿಂದ ನೋಡೋಕೆ ದುಡ್ಡಿಲ್ಲ, ಒಳಗಿನ ಸೈನ್ಸ್ ಮ್ಯೂಸಿಯಂ ನಂಗೆ ಅಷ್ಟೇನೂ ಅನ್ನಿಸ್ಲಿಲ್ಲ, ಮಕ್ಕಳಿದ್ರೆ ಓಷನೋಗ್ರಾಫಿಕ್ ಅನ್ನೋ ಅಕ್ವೇರಿಯಂ ಮಾತ್ರ ದುಬಾರಿಯಾದ್ರೂ ಮಾಡಿ, ಅರ್ಧ ದಿನ ಹಿಡಿಯತ್ತೆ. ಅಲ್ಲಿಂದ ಇನ್ನೊಂಚೂರು ತುಳಿದ್ರೆ ಮಾಲ್ವರೋಸಾ ಬೀಚ್, ಅಗಲವಾದ ಮರಳು. ಅಂದ್ರೆ ಒಂದು ಟಿಕೆಟ್ಟೂ ಬುಕ್ ಮಾಡ್ದೆ ಇಡೀ ಭಾನುವಾರ ತುಂಬತ್ತೆ, ಫ್ಲೈಟ್ ಲೇಟಾದ್ರೂ ಬೆಳಿಗ್ಗೆ ಎದ್ದಿದ್ದು ತಡ ಆದ್ರೂ ಏನೂ ಕೆಡಲ್ಲ.

ಊಟದ ವಿಷಯಕ್ಕೆ ಬಂದ್ರೆ ಮಾತ್ರ ತಕ್ಕಡಿ ಆಕಡೆ ವಾಲತ್ತೆ. ಸಸ್ಯಾಹಾರಿಗಳಿಗೆ ಸೆವಿಲ್ ವಾಸಿ, ಇದು ಅನೇಕರಿಗೆ ಆಶ್ಚರ್ಯ ಆಗಬಹುದು. ಪಾಲಕ್ ಸೊಪ್ಪು, ಕಡಲೆಕಾಳು, ಜೀರಿಗೆ, ಬೆಳ್ಳುಳ್ಳಿ ಹಾಕಿ ಬೇಯಿಸಿದ ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್ ಅಂತ ಒಂದು ತಪಾ, ಅಂದ್ರೆ ಸಣ್ಣ ಪ್ಲೇಟ್ ತಿಂಡಿ, ಸಿಗತ್ತೆ, ಸಣ್ಣ ಮಣ್ಣಿನ ಬಟ್ಟಲಲ್ಲಿ ಬಿಸಿಬಿಸಿ ತಂದಿಡ್ತಾರೆ, ಅಮ್ಮ ಮೊದ್ಲು ವಾಸ್ನೆ ನೋಡಿ ಆಮೇಲೆ ಒಂದು ತುತ್ತು ಬ್ರೆಡ್‌ಗೆ ಹಚ್ಕೊಂಡು, ಇನ್ನೊಂದು ಹೇಳು ಅಂದ್ರು. ಕರಿದ ಬದನೇಕಾಯಿ ಮೇಲೆ ಕಬ್ಬಿನ ಜೋನಿಬೆಲ್ಲದಂಥ ಪಾಕ ಹಾಕ್ಕೊಡೋದೂ ಸಿಗತ್ತೆ. ಸಾಲ್ಮೊರೆಹೋ ಅನ್ನೋ ತಣ್ಣನೆ ಟೊಮೆಟೊ ಸೂಪ್ ಮೇಲೆ ಮಾತ್ರ ಹ್ಯಾಮ್, ಮೊಟ್ಟೆ ಉದುರಿಸಿರ್ತಾರೆ, ಬೇಡ ಅಂತ ಮೊದ್ಲೇ ಹೇಳಿ. ಮಾಂಸ ಇಲ್ದೆ ಕೊಡಿ ಅಂದ್ರೆ ಸಾಲ್ದು, ಸಿನ್ ಹಮೋನ್, ಸಿನ್ ಅತೂನ್ ಅಂತ ಹ್ಯಾಮು, ಟ್ಯೂನಾ ಬಿಡಿಸಿ ಬಿಡಿಸಿ ಹೇಳ್ಬೇಕು.

ವಲೆನ್ಸಿಯಾದಲ್ಲಿ ಪಾಯೆಯಾ ಅನ್ನೋ ಅನ್ನದ ಅಡುಗೆ ತಿನ್ನೋಣ ಅಂತ ಹೋಗೋರಿಗೆ: ಅಸಲಿ ವಲೆನ್ಸಿಯಾ ಪಾಯೆಯಾದಲ್ಲಿ ಇರೋದು ಕೋಳಿ, ಮೊಲ, ಹುರುಳಿಕಾಯಿ, ಬಿಳೀ ಅವರೆ ಥರದ ಕಾಳು. ಮೀನು ಸೀಗಡಿ ಹಾಕಿದ್ದು ಬೇರೆ ಐಟಂ. ತರಕಾರಿದು ಸಿಗತ್ತೆ, ಆದ್ರೆ ಬೇಯಿಸಿದ ನೀರು ಕೋಳೀದೋ ಮೀನಿಂದೋ ಅಂತ ಕೇಳ್ಬೇಕು, ಕಮ್ಮಿ ಅಂದ್ರೂ ಇಬ್ಬರಿಗೆ ಆರ್ಡರ್ ಮಾಡ್ಬೇಕು, ಅಲ್ಲಿನೋರು ಅದನ್ನ ಮಧ್ಯಾಹ್ನಕ್ಕೆ ಮಾತ್ರ ತಿನ್ನೋದು. ರಾತ್ರಿ ಹತ್ತಕ್ಕೆ ಬೋರ್ಡ್ ಮೇಲೆ ಫೋಟೋ ಹಾಕಿ ಪಾಯೆಯಾ ಕೊಡೋ ಕಡೆ ಕಾಲಿಡ್ಬೇಡಿ. ಇದೆಲ್ಲ ಕಷ್ಟ ಮರೆಸೋದು ಓರ್ಚಾತಾ. ನೆಲದಡಿ ಬೆಳೆಯೋ ಚೂಫಾ ಅನ್ನೋ ಪುಟ್ಟ ಗೆಡ್ಡೆ ನೆನೆಸಿ ರುಬ್ಬಿ ಸಕ್ಕರೆ ಹಾಕಿದ ತಣ್ಣನೆ ಹಾಲು, ಅದ್ರಲ್ಲಿ ಫಾರ್ಟೋನ್ ಅನ್ನೋ ಮೃದುವಾದ ಉದ್ದ ಬನ್ನು ಅದ್ದಿ ತಿನ್ನೋದು. ಡೈರಿ ಹಾಲು ಅದ್ರಲ್ಲಿಲ್ಲ. ಹಳೇ ಊರಲ್ಲಿ ಸಾಂತಾ ಕತಲೀನಾ ಚರ್ಚ್ ಪಕ್ಕ ಕುಡಿಬಹುದು, ಪುರುಸೊತ್ತಿದ್ರೆ ಚೂಫಾ ಬೆಳೆಯೋ ಅಲ್ಬೊರಾಯಾಗೇ ಮೆಟ್ರೋ ಹೋಗತ್ತೆ.

ಎರಡೂ ಊರಿನ ಹೆಸರಿನ ಕಿತ್ತಳೆ ಇದೆ, ಅದ್ರ ಬಗ್ಗೆ ಒಂದು ಎಚ್ಚರಿಕೆ. ಸೆವಿಲ್ ಬೀದಿ ಮರದಲ್ಲಿ ಚಳಿಗಾಲದಲ್ಲಿ ಗೊಂಚಲು ಗೊಂಚಲು ತೂಗ್ತಿರೋ ಹಣ್ಣು ನಮ್ಮ ಹೇರಳೆಕಾಯಿ ಥರ ಕಹಿ ಹುಳಿ, ಮಾರ್ಮಲೇಡ್‌ಗೆ ಇಂಗ್ಲೆಂಡ್‌ನೋರು ತರಿಸ್ಕೊಳ್ಳೋದು ಅದನ್ನೇ. ತಿನ್ನೋ ಹಣ್ಣು ವಲೆನ್ಸಿಯಾದ್ದು.

ಸಂಜೆ ಮಾತ್ರ ಸೆವಿಲ್‌ಗೆ ಸಾಟಿಯಿಲ್ಲ. ತ್ರಿಯಾನಾ ಅಂತ ನದಿಯಾಚೆ ಹಳೇ ಕುಂಬಾರರ ಬಡಾವಣೆ, ಸಣ್ಣ ಹಾಲ್‌ನಲ್ಲಿ ಒಂದು ಗಂಟೆ ಫ್ಲಮೆಂಕೋ, ಮೈಕಿಲ್ಲ, ಮುಂದಿನ ಸಾಲಲ್ಲಿ ಕೂತ್ರೆ ನರ್ತಕಿಯ ಹಿಮ್ಮಡಿ ಏಟಿಗೆ ಕುರ್ಚಿ ಕಾಲು ನಡುಗೋದು ಗೊತ್ತಾಗತ್ತೆ. ನನ್ ಹೆಂಡ್ತಿ ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತೋಳು, ತೊಡೆ ಮೇಲೆ ತಾಳ ಹಾಕೋಕೆ ಹೋಗಿ ಎಂಟಕ್ಕೆ ಕೂರ್ತಿಲ್ವಲ್ಲ ಅಂತ ಒದ್ದಾಡಿ ಆಮೇಲೆ 12ಕ್ಕೆ ಹಿಡಿದ್ಲು. ಬುಲೇರಿಯಾ, ಸೋಲೆಯಾ ಅನ್ನೋ ಪ್ರಕಾರಗಳು 12 ಮಾತ್ರೆಯ ಆವರ್ತದಲ್ಲೇ ಇರೋದಂತೆ, ಒತ್ತು ಬೀಳೋ ಜಾಗ ಮಾತ್ರ ವಿಚಿತ್ರ. ವಲೆನ್ಸಿಯಾದಲ್ಲೂ ಫ್ಲಮೆಂಕೋ ಷೋ ಮಾರ್ತಾರೆ, ಅಲ್ಲಿ ದುಡ್ಡು ಹಾಕ್ಬೇಡಿ, ಬದ್ಲು ರುಸಾಫಾ ಬೀದಿಗಳಲ್ಲಿ ಕೂತು ಜನ ನೋಡಿ.

ಹವಾಮಾನ ಒಂದು ನಿಮಿಷ. ಸೆವಿಲ್‌ಗೆ ಜುಲೈ ಆಗಸ್ಟ್‌ನಲ್ಲಿ ಹೋಗ್ಲೇಬೇಡಿ, 40 ಡಿಗ್ರಿ ದಾಟೋದು ಅಲ್ಲಿ ಸುದ್ದೀನೇ ಅಲ್ಲ. ವಲೆನ್ಸಿಯಾ ಆಗ ಬೆವರು ಸುರಿಸತ್ತೆ, ಆದ್ರೆ ಸಮುದ್ರ ಇದೆ. ದರ ಏರೋ ದಿನಗಳೂ ಬೇರೆ ಬೇರೆ: ಸೆವಿಲ್‌ನಲ್ಲಿ ಈಸ್ಟರ್ ಹಿಂದಿನ ವಾರ, ಆಮೇಲೆ ಬರೋ ಫೇರಿಯಾ ಜಾತ್ರೆ, ವಲೆನ್ಸಿಯಾದಲ್ಲಿ ಮಾರ್ಚ್ 15ರಿಂದ 19ರ ಫಾಯಾಸ್ ಹಬ್ಬ. ಫಾಯಾಸ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಊರ ನಡುವೆ ಹೊಡೆಯೋ ಪಟಾಕಿ ಎದೆ ಅದುರಿಸೋ ಲೆವೆಲ್ಲು, ಕೂಸಿರೋರು ದೂರ ಇರಿ.

ಏರ್‌ಪೋರ್ಟಿಂದ ವಲೆನ್ಸಿಯಾಗೆ ಮೆಟ್ರೋ, 3 ಇಲ್ಲ 5ನೇ ಲೈನ್, ಸುಮಾರು ಇಪ್ಪತ್ತೈದು ನಿಮಿಷಕ್ಕೆ ಊರ ನಡುವೆ. ಸೆವಿಲ್‌ಗೆ ಇಎ ಬಸ್, ಕೊನೇ ನಿಲ್ದಾಣ ಪ್ಲಾಸಾ ದೆ ಆರ್ಮಾಸ್, ರಾತ್ರಿ ಇಳಿದ್ರೆ ಟ್ಯಾಕ್ಸಿಗೆ ನಿಗದಿ ರೇಟ್ ಇದೆ, ಅಷ್ಟೇ ಕೊಡಿ. ಸಾಂತಾ ಕ್ರೂಸ್ ಗಲ್ಲಿ ಒಳಗೆ ರೂಮ್ ಬುಕ್ ಮಾಡಿದ್ರೆ ಕಾರು ಬಾಗಿಲ ತನಕ ಹೋಗಲ್ಲ, ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಗಡಗಡ ಎಳಿಬೇಕು.

ಗ್ರಾನಡಾ ಯಾಕಿಲ್ಲ ಅಂತ ಕೇಳೋರಿಗೆ: ಅಲ್ಲಿನ ಅಲಾಂಬ್ರಾ ಕೋಟೆಯ ಟಿಕೆಟ್ ಹೆಸರು, ಪಾಸ್‌ಪೋರ್ಟ್ ನಂಬರ್ ಹಾಕಿ ವಾರಗಟ್ಲೆ ಮುಂಚೆ ತಗೋಬೇಕು, ಅದರೊಳಗಿನ ನಸ್ರಿ ಅರಮನೆಗೆ ಬರೆದ ಟೈಮ್ ಮೀರಿದ್ರೆ ಒಳಗೆ ಬಿಡಲ್ಲ. ಶುಕ್ರವಾರ ರಾತ್ರಿ ಫ್ಲೈಟ್ ನಂಬ್ಕೊಂಡು ಇದಕ್ಕೆ ಕೈ ಹಾಕೋದು ಬೇಡ, ನಾಲ್ಕು ದಿನ ರಜಾ ಸಿಕ್ಕಾಗ ಸೆವಿಲ್ ಜೊತೆ ಟ್ರೈನ್‌ನಲ್ಲಿ ಸೇರಿಸ್ಕೊಳ್ಳಿ.

ನನ್ ತೀರ್ಮಾನ: ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಅವರು ಸ್ಪೇನ್ ನೋಡೋದು ಇದೊಂದೇ ಸಲ ಅಂದ್ರೆ ನವೆಂಬರ್ ಅಥವಾ ಫೆಬ್ರವರಿಲಿ ಸೆವಿಲ್, ಅಲ್ಕಾಸಾರ್ ಸ್ಲಾಟ್ ಸಿಕ್ಕ ಮೇಲೇ ಫ್ಲೈಟ್ ಬುಕ್ ಮಾಡಿ. ಸಣ್ಣ ಮಕ್ಕಳು, ಆಫೀಸಲ್ಲಿ ತಲೆ ಕೆಟ್ಟಿದೆ, ಪ್ಲ್ಯಾನ್ ಮಾಡೋಕೆ ಟೈಮಿಲ್ಲ ಅಂದ್ರೆ ಕಣ್ಮುಚ್ಚಿ ವಲೆನ್ಸಿಯಾ. ಎರಡರಲ್ಲೂ ಸಂಜೆ ನಾಲ್ಕರಿಂದ ಎಂಟರ ತನಕ ಬಹಳಷ್ಟು ಕಡೆ ಅಡುಗೆಮನೆ ಬಂದ್ ಇರತ್ತೆ, ಭಾನುವಾರ ರಾತ್ರಿ ಫ್ಲೈಟ್ ಇರೋರು ಮಧ್ಯಾಹ್ನ ಮೂರರೊಳಗೆ ಹೊಟ್ಟೆ ತುಂಬ ಉಂಡ್ಬಿಡಿ, ಏರ್‌ಪೋರ್ಟಲ್ಲಿ ಸಸ್ಯಾಹಾರಿಗೆ ಸಿಗೋದು ಚಿಪ್ಸು, ಆಲೂಗಡ್ಡೆ ಆಮ್ಲೆಟ್ ತಿನ್ನೋರಾದ್ರೆ ಅದರ ಸ್ಯಾಂಡ್‌ವಿಚ್ಚು, ಅಷ್ಟೇ.