ಮನೆಗೇ ಬರುವ 399ರ ಬೈಕ್ ಸರ್ವಿಸ್: ನಾನಂತೂ ಬಿದ್ದೆ, ನೀವು ಬೀಳಬೇಡಿ

ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೆಯುತ್ತೇನೆ. ಮೈಸೂರಿನಲ್ಲಿ ಇನ್ನೆಷ್ಟು ಜನರ ಮೊಬೈಲಿಗೆ ಇದೇ ಮೆಸೇಜ್ ಬಂದಿದೆಯೋ ಏನೋ. "399ಕ್ಕೆ ಫುಲ್ ಸರ್ವಿಸ್, ಗಾಡಿ ನಾವೇ ಬಂದು ತಗೊಂಡು ಹೋಗ್ತೀವಿ."

ನನ್ನದು ಎಂಟು ವರ್ಷದ ಸ್ಪ್ಲೆಂಡರ್. ಮೊದಲಿಂದಲೂ ನಮ್ಮ ಬೀದಿ ಕೊನೆಯ ಗ್ಯಾರೇಜಿನಲ್ಲೇ ರಿಪೇರಿ. ಆ ಅಣ್ಣ ಕೆಲಸ ಕಲಿತಿದ್ದೇ ಯೆಜ್ಡಿ ಮೇಲೆ. ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಇಲ್ಲಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ ಮೇಲೂ ನಮ್ಮಪ್ಪನ ಗಾಡಿಯನ್ನು ವರ್ಷಗಟ್ಟಲೆ ಓಡಿಸಿ ಕೊಟ್ಟವರು. ಈ ಸಲ ಕೆಲಸ ಜಾಸ್ತಿ ಇತ್ತು, "ಎರಡು ದಿನ ಬಿಟ್ಟು ಬನ್ನಿ ಸಾರ್" ಅಂದರು. ಎರಡೇ ದಿನ. ಅಷ್ಟೂ ಕಾಯದೆ ಬುಕ್ ಮಾಡಿದೆ.

ಟೀ ಶರ್ಟ್ ಹಾಕಿದ ಹುಡುಗ ಬಂದ, ಫೋಟೋ ತೆಗೆದ, ಗಾಡಿ ಒಯ್ದ. ಮಧ್ಯಾಹ್ನ ಫೋನ್. "ಸರ್, ಕ್ಲಚ್ ಪ್ಲೇಟ್ ಹೋಗಿದೆ. ಚೈನ್ ಸ್ಪ್ರಾಕೆಟ್ ಕೂಡ ಹೋಗಿದೆ. ಹೀಗೇ ಓಡಿಸಿದ್ರೆ ದಾರೀಲಿ ಕಟ್ ಆಗುತ್ತೆ."

ಚೈನ್ ಸೆಟ್ ಆಯುಧಪೂಜೆ ಹೊತ್ತಿಗಷ್ಟೇ ಹಾಕಿಸಿದ್ದು ಅಂದೆ. ಆಗ ಅವನು ಹೇಳಿದ್ದು ಕೇಳಿ: "ಲೋಕಲ್ ಐಟಂ ಹಾಕಿರ್ತಾರೆ ಸರ್. ಬೀದಿ ಮೆಕ್ಯಾನಿಕ್‌ಗಳದ್ದು ಇದೇ ಕಥೆ."

ನಾನು ನಂಬಿದೆ. ಇದೇ ನನ್ನನ್ನು ಸುಡ್ತಿರೋದು. ಊರಿನ ಡೀಲರ್ ಹತ್ತಿರ ಒರಿಜಿನಲ್ ಸೆಟ್ ತಂದು, ಬಿಲ್ ಮತ್ತು ಖಾಲಿ ಡಬ್ಬಿ ನನ್ನ ಕೈಗೇ ಕೊಟ್ಟಿದ್ದರು ಆ ಅಣ್ಣ. ಡಬ್ಬಿ ಮನೆಯಲ್ಲೇ ಬಿದ್ದಿತ್ತು. ಆದರೂ ಮುಖ ನೋಡದವನ ಮಾತು ನಂಬಿದೆ.

ಬಿಲ್ 4,229 ರೂಪಾಯಿ. ಚೈನ್ ಸೆಟ್ 1,480, ಕ್ಲಚ್ ಪ್ಲೇಟ್ 1,150, ಆಯಿಲ್ 420, ಲೇಬರ್ 780, ಮೇಲೆ ಆ 399. ಹಳೇ ಸಾಮಾನು ಕೊಡಿ ಅಂದೆ. "ಸ್ಕ್ರ್ಯಾಪ್‌ಗೆ ಹೋಯ್ತು ಸರ್." ಮೀಟರ್ 38 ಕಿಲೋಮೀಟರ್ ಜಾಸ್ತಿ ಓಡಿದೆಯಲ್ಲ? "ಟ್ರಯಲ್ ನೋಡ್ಬೇಕಲ್ವಾ ಸರ್." ಮೈಸೂರಿಂದ ನಂಜನಗೂಡಿಗೆ ಹೋಗಿ ಅರ್ಧ ದಾರಿ ವಾಪಸ್ ಬಂದರೆ ಹೆಚ್ಚುಕಮ್ಮಿ ಅಷ್ಟು ಆಗುತ್ತೆ!

ಮೂರನೇ ದಿನ ಗೇರ್ ಬೀಳೋದು ಬಿಗಿಯಾಯ್ತು. ತಲೆ ತಗ್ಗಿಸಿಕೊಂಡು ಹಳೇ ಗ್ಯಾರೇಜಿಗೇ ಹೋದೆ. ಅಣ್ಣ ಏನೂ ಕೇಳಲಿಲ್ಲ. ಸ್ಪ್ಲೆಂಡರ್‌ಗೆ ಚೈನ್ ಪೂರ್ತಿ ಕವರ್ ಒಳಗೇ ಇರುತ್ತದೆ, ಹೊರಗಿಂದ ಕಾಣೋದಿಲ್ಲ. ಆ ಧೈರ್ಯದಲ್ಲೇ ಅವರು ಆಟ ಆಡಿದ್ದು. ಕವರ್‌ನ ರಬ್ಬರ್ ಮುಚ್ಚಳ ತೆಗೆದು ಚಕ್ರ ನಿಧಾನಕ್ಕೆ ತಿರುಗಿಸಿದರು. ಚೈನ್ ಲಾಕ್ ಬಂತು. ಅದರ ಮೇಲೆ ಹಳದಿ ಪೇಂಟ್ ಚುಕ್ಕೆ.

"ಇದು ನಾನೇ ಇಟ್ಟಿದ್ದು ಸಾರ್."

ಅದೇ ಚೈನ್. ಆಯುಧಪೂಜೆಗೆ ಹಾಕಿಸಿದ ಅದೇ ಚೈನ್! ಆಮೇಲೆ ಬಲಗಡೆ ಕ್ಲಚ್ ಕವರ್ ತೋರಿಸಿದರು. ಬೋಲ್ಟ್‌ಗಳ ಸುತ್ತ ವರ್ಷಗಳ ಜಿಡ್ಡು ಹಾಗೇ ಕೂತಿದೆ, ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. ಕವರ್ ಬಿಚ್ಚದೆ ಪ್ಲೇಟ್ ಹೇಗೆ ಬದಲಾಯಿಸ್ತಾರೆ? ಆಯಿಲ್ ಕಡ್ಡಿ ಎತ್ತಿದರೆ ಕಾಫಿ ಡಿಕಾಕ್ಷನ್. ಕ್ಲಚ್ ಕೇಬಲ್ ಮಾತ್ರ ಸುಮ್ನೆ ಸಡಿಲ ಮಾಡಿಟ್ಟಿದ್ದರು. ಗೇರ್ ಬಿಗಿಯಾಗಿದ್ದಕ್ಕೆ ಅದೇ ಕಾರಣವಂತೆ.

ಫೋಟೋ ಕಳಿಸಿ ಫೋನ್ ಮಾಡಿದೆ. "ನೀವು ಬೇರೆ ಕಡೆ ಗಾಡಿ ಕೊಟ್ಟಿದ್ದೀರಿ ಸರ್, ಈಗ ವಾರಂಟಿ ಬರಲ್ಲ." ನಾನು ಕೇಳಿದ್ದು ವಾರಂಟಿ ಅಲ್ಲ ಸ್ವಾಮಿ, ನನ್ನ ದುಡ್ಡು. ಎರಡನೇ ಸಲ ಮಾಡಿದಾಗ "ಟೀಮ್ ಚೆಕ್ ಮಾಡ್ತಿದೆ." ಮೂರನೇ ಸಲ ಎತ್ತಲೇ ಇಲ್ಲ.

ಗಾಡಿ ಕೊಡೋ ಮುಂಚೆ ಮೀಟರ್ ಫೋಟೋ ತೆಗೆದಿಡಿ. ಹಳೇ ಪಾರ್ಟ್ ಕೈಗೆ ಬರದೆ ದುಡ್ಡು ಕೊಡಬೇಡಿ. ಅದಕ್ಕಿಂತ, ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು ನೋಡುವಂಥ ಗ್ಯಾರೇಜಿಗೇ ಕೊಡಿ. ಎರಡು ದಿನ ಕಾಯಿರಿ ಅಂದರೆ ಕಾಯಿರಿ.

ಆ ಅಣ್ಣ ಕೇಬಲ್ ಬಿಗಿ ಮಾಡಿ, ಆಯಿಲ್ ಬದಲಾಯಿಸಿ, ಆಯಿಲ್ ದುಡ್ಡಿನ ಮೇಲೆ ಐವತ್ತೇ ರೂಪಾಯಿ ತಗೊಂಡರು. ನಿನ್ನೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಆ ಕಂಪನಿಯಿಂದ ಮೆಸೇಜ್ ಬಂದಿದೆ: "ನಮ್ಮ ಸೇವೆ ಇಷ್ಟವಾಯಿತೇ? 5 ಸ್ಟಾರ್ ಕೊಡಿ."